ಕೋಳಿ ಪ್ಯಾಕೆಟ್ ಮೇಲಿನ ಮಾತು ಯಾರದ್ದು? ಅಮೆರಿಕದ ಚಿಕನ್ ನಿಯಮಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಅಂಗಡಿಯಲ್ಲಿ ಒಂದು ಚಿಕನ್ ಪ್ಯಾಕೆಟ್ ಕೈಗೆತ್ತಿಕೊಂಡರೆ ಓದೋಕೆ ಏನೇನೋ ಇರುತ್ತದೆ. ಒಂದು ದುಂಡು ಮುದ್ರೆ, ಗುರಾಣಿ ಆಕಾರದ ಇನ್ನೊಂದು ಮುದ್ರೆ, 'ನ್ಯಾಚುರಲ್', 'ಫ್ರೀ ರೇಂಜ್', 'ನೋ ಹಾರ್ಮೋನ್ಸ್', ಜೊತೆಗೆ ಹಸಿರು ಹುಲ್ಲಿನ ಮೇಲೆ ಓಡಾಡುವ ಕೋಳಿಯ ಚಿತ್ರ. ಇದರಲ್ಲಿ ಕೆಲವು ಸರ್ಕಾರವೇ ಹೇಳಿದ ಮಾತು. ಕೆಲವು ಕಂಪನಿ ಹೇಳಿ ಸರ್ಕಾರ ಒಪ್ಪಿದ ಮಾತು. ಇನ್ನು ಕೆಲವು ಸುಮ್ನೆ ಮಾರೋಕೆ ಹೇಳಿದ ಮಾತು. ಮೂರೂ ಒಂದೇ ಪ್ಲಾಸ್ಟಿಕ್ ಮೇಲೆ ಒಂದರ ಪಕ್ಕ ಒಂದು ಇರುತ್ತವೆ. ಗೊಂದಲ ಶುರುವಾಗುವುದೇ ಅಲ್ಲಿ.

ಕೋಳಿಯ ಉಸ್ತುವಾರಿ ಯಾರದ್ದು, ಯುಎಸ್‌ಡಿಎನಾ ಎಫ್‌ಡಿಎನಾ?

ಕೋಳಿ ಮಾಂಸದ್ದು ಯುಎಸ್‌ಡಿಎ, ಅಂದರೆ ಅಲ್ಲಿನ ಕೃಷಿ ಇಲಾಖೆ. ಅದರೊಳಗೆ ಎಫ್‌ಎಸ್‌ಐಎಸ್ ಎಂಬ ವಿಭಾಗವಿದೆ. ಕಸಾಯಿಖಾನೆಯ ತಪಾಸಣೆ, ಲೇಬಲ್ ಎರಡೂ ಅದರ ಕೆಲಸ. ಕೋಳಿ ತಿನ್ನುವ ಮೇವು, ಕೊಡುವ ಔಷಧ ಎಫ್‌ಡಿಎ, ಅಂದರೆ ಆಹಾರ ಮತ್ತು ಔಷಧ ನೋಡಿಕೊಳ್ಳುವ ಸಂಸ್ಥೆಯ ಪಾಲಿಗೆ.

ಮೊಟ್ಟೆಯ ಕಥೆ ಇನ್ನೂ ಮಜವಾಗಿದೆ. ಚಿಪ್ಪಿನೊಳಗೆ ಇರುವವರೆಗೆ ಅದರ ಸುರಕ್ಷತೆ ಎಫ್‌ಡಿಎ ಹೊಣೆ. ಒಡೆದು, ಸೋಸಿ, ಡಬ್ಬಕ್ಕೆ ತುಂಬಿದ ತಕ್ಷಣ ಎಫ್‌ಎಸ್‌ಐಎಸ್ ಹೊಣೆ. ಪೀಟ್ಸಾ ಕೂಡ ಹಾಗೇ. ಬರೀ ಚೀಸ್ ಇದ್ದರೆ ಒಂದು ಇಲಾಖೆ, ಮೇಲೆ ಚಿಕನ್ ತುಂಡು ಬಿದ್ದರೆ ಇನ್ನೊಂದು. ಯಾರೂ ಕೂತು ಯೋಚಿಸಿ ಮಾಡಿದ ಹಂಚಿಕೆ ಇದಲ್ಲ. ಬೇರೆ ಬೇರೆ ಕಾಲದಲ್ಲಿ ಬಂದ ಕಾನೂನುಗಳು ಒಂದರ ಮೇಲೊಂದು ಕೂತು ಹೀಗಾಗಿದೆ.

ದುಂಡು ಮುದ್ರೆ ಏನು ಹೇಳುತ್ತದೆ?

ಈ ಕೋಳಿಯನ್ನು ಸರ್ಕಾರದ ತಪಾಸಣೆಯಲ್ಲಿ ಕಡಿದಿದ್ದಾರೆ, ತಿನ್ನೋಕೆ ಯೋಗ್ಯ ಎಂದು ಪಾಸು ಮಾಡಿದ್ದಾರೆ ಅಂತ. ಇದು ಕಡ್ಡಾಯ. ತಪಾಸಣೆಯ ಖರ್ಚು ಸರ್ಕಾರದ್ದು. ಓವರ್‌ಟೈಮ್ ಆದರೆ ಮಾತ್ರ ಕಂಪನಿ ಕೊಡಬೇಕು.

ಅಮೆರಿಕದಲ್ಲಿ ದನ, ಹಂದಿ ಮಾಂಸಕ್ಕೆ ತಪಾಸಣೆಯ ಕಾನೂನು 1906ರಲ್ಲೇ ಬಂದಿತ್ತು. ಕೋಳಿ ಅದರಲ್ಲಿ ಸೇರಿರಲಿಲ್ಲ. ಆಗ ಕೋಳಿ ಅಂದರೆ ಹಿತ್ತಲಲ್ಲಿ ಸಾಕುವ ಚಿಲ್ಲರೆ ವ್ಯವಹಾರ. ಎರಡನೇ ಮಹಾಯುದ್ಧದ ನಂತರ ಅದು ದೊಡ್ಡ ಉದ್ಯಮವಾಯಿತು, 1957ರಲ್ಲಿ ಕೋಳಿಗೇ ಪ್ರತ್ಯೇಕ ಕಾನೂನು ಬಂತು. 1968ರಲ್ಲಿ ಅದನ್ನು ರಾಜ್ಯದೊಳಗೇ ಮಾರುವ ಕೋಳಿಗೂ ಹಬ್ಬಿಸಿದರು. ರಾಜ್ಯಗಳು ತಮ್ಮದೇ ತಪಾಸಣೆ ನಡೆಸಬಹುದು, ಆದರೆ ಅದು ಕೇಂದ್ರದ ಮಟ್ಟಕ್ಕಿಂತ ಕಡಿಮೆ ಇರಬಾರದು.

ಮುದ್ರೆಯೊಳಗೆ ಅಥವಾ ಪ್ಯಾಕೆಟ್‌ನ ಬೇರೆ ಕಡೆ 'ಪಿ' ಅಕ್ಷರದ ಜೊತೆ ಒಂದು ನಂಬರ್ ಇರುತ್ತದೆ. ಅದು ಕಾರ್ಖಾನೆಯ ಗುರುತು. ಎಫ್‌ಎಸ್‌ಐಎಸ್‌ನ ಪಟ್ಟಿಯಲ್ಲಿ ಆ ನಂಬರ್ ಹುಡುಕಿದರೆ ಯಾವ ಊರಿನ ಕಾರ್ಖಾನೆ ಎಂದು ಗೊತ್ತಾಗುತ್ತದೆ. ಬೇರೆ ಬೇರೆ ಬ್ರ್ಯಾಂಡಿನ ಎರಡು ಪ್ಯಾಕೆಟ್ ಮೇಲೆ ಒಂದೇ ನಂಬರ್ ಕಂಡರೆ ಬೆಚ್ಚಬೇಡಿ. ಅದು ಮಾಮೂಲಿ.

ಪ್ರತಿಯೊಂದು ಕೋಳಿಯನ್ನೂ ನಿಜವಾಗಿ ನೋಡ್ತಾರಾ?

ನೋಡುತ್ತಾರೆ. ಎಷ್ಟು ಹೊತ್ತು ನೋಡುತ್ತಾರೆ ಅನ್ನೋದು ಬೇರೆ ಮಾತು. ಹಳೆಯ ಪದ್ಧತಿಯಲ್ಲಿ ಕಡಿದ ಕೋಳಿಗಳು ಸಾಗುವ ಸಾಲಿನ ಉದ್ದಕ್ಕೂ ಹಲವು ತಪಾಸಕರು ನಿಲ್ಲುತ್ತಿದ್ದರು, ಒಬ್ಬರ ಪಾಲಿಗೆ ನಿಮಿಷಕ್ಕೆ ಹೆಚ್ಚೆಂದರೆ 35 ಕೋಳಿ. 2014ರಲ್ಲಿ ಹೊಸ ಪದ್ಧತಿ ಬಂತು. ಅದಕ್ಕೆ ಸೇರಿದ ಕಾರ್ಖಾನೆಗಳಲ್ಲಿ ಕೆಟ್ಟ ಕೋಳಿಯನ್ನು ಕಂಪನಿಯ ಕೆಲಸಗಾರರೇ ಮೊದಲು ಆರಿಸಿ ತೆಗೆಯುತ್ತಾರೆ. ಸರ್ಕಾರದ ಒಬ್ಬ ತಪಾಸಕ ಸಾಲಿನ ಕೊನೆಯಲ್ಲಿ ನಿಲ್ಲುತ್ತಾನೆ. ವೇಗದ ಮಿತಿ ನಿಮಿಷಕ್ಕೆ 140. ಕೆಲವು ಕಾರ್ಖಾನೆಗಳಿಗೆ ವಿನಾಯಿತಿ ಕೊಟ್ಟು 175ರವರೆಗೆ ಬಿಟ್ಟಿದ್ದಾರೆ. ಲೆಕ್ಕ ಹಾಕಿ: ಸೆಕೆಂಡಿಗೆ ಎರಡಕ್ಕಿಂತ ಜಾಸ್ತಿ, ಕೆಲವೊಮ್ಮೆ ಮೂರರ ಹತ್ತಿರ.

ಸರ್ಕಾರದ ಸಮರ್ಥನೆಯಲ್ಲೂ ಹುರುಳಿಲ್ಲದೆ ಇಲ್ಲ. ಕಣ್ಣಿಗೆ ಕಾಣೋದು ಗಾಯ, ಗೆಡ್ಡೆ, ಅಂಟಿದ ಮಲ. ಜನರನ್ನು ಆಸ್ಪತ್ರೆಗೆ ಕಳಿಸುವ ಬ್ಯಾಕ್ಟೀರಿಯಾ ಎಷ್ಟು ಹೊತ್ತು ದಿಟ್ಟಿಸಿದರೂ ಕಾಣುವುದಿಲ್ಲ. ಅದಕ್ಕೇ 1996ರಲ್ಲಿ ಹ್ಯಾಸಪ್ ಎಂಬ ಪದ್ಧತಿಯನ್ನು ಕಡ್ಡಾಯ ಮಾಡಿದರು. ಕೆಲಸದ ಯಾವ ಹಂತದಲ್ಲಿ ಅಪಾಯ ನುಸುಳಬಹುದು ಎಂದು ಕಂಪನಿಯೇ ಗುರುತಿಸಬೇಕು, ಅಲ್ಲಿ ಅಳತೆ ಮಾಡಬೇಕು, ದಾಖಲೆ ಇಡಬೇಕು. ಸರ್ಕಾರದವರು ಆ ದಾಖಲೆ ತಪಾಸಣೆ ಮಾಡುತ್ತಾರೆ, ಮಾದರಿ ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಲ್ಯಾಬಿನ ಪರೀಕ್ಷೆ ಬೇಕೇ ಬೇಕು, ಒಪ್ಪುತ್ತೇನೆ. ಅದಕ್ಕೂ ಸಾಲು ಇಷ್ಟು ಜೋರಾಗಿ ಓಡೋದಕ್ಕೂ ಏನು ಸಂಬಂಧ ಎಂಬುದು ಮಾತ್ರ ನನಗೆ ಅರ್ಥವಾಗಿಲ್ಲ.

'ಗ್ರೇಡ್ ಎ' ಅಂದರೆ ಜಾಸ್ತಿ ಸುರಕ್ಷಿತ ಅಲ್ವಾ?

ಅಲ್ಲ. ಗುರಾಣಿ ಮುದ್ರೆ ನೋಟಕ್ಕೆ ಸಂಬಂಧಿಸಿದ್ದು. ಮೈ ತುಂಬಿದೆಯಾ, ಚರ್ಮ ಹರಿದಿದೆಯಾ, ಮೂಳೆ ಮುರಿದಿದೆಯಾ, ಪುಕ್ಕ ಉಳಿದಿದೆಯಾ, ಇಷ್ಟೇ. ಇದು ಐಚ್ಛಿಕ, ದುಡ್ಡು ಕಂಪನಿಯದ್ದು. 'ಬಿ', 'ಸಿ' ಗ್ರೇಡ್ ಇದ್ದರೂ ಅಂಗಡಿಯಲ್ಲಿ ಅವು ಕಾಣಿಸೋದು ಅಪರೂಪ. ಆ ಮಾಂಸ ಕೈಮಾ, ಸಾಸೇಜ್ ಥರದ ಪದಾರ್ಥಕ್ಕೆ ಹೋಗುತ್ತದೆ.

ಪಾಸಾದ ಕೋಳಿಯಲ್ಲಿ ಸಾಲ್ಮೊನೆಲ್ಲಾ ಇರಬಹುದಾ?

ಕಾಯಿಲೆ ತರುವ ಈ ಬ್ಯಾಕ್ಟೀರಿಯಾ ಇರಬಹುದು, ಕಾನೂನು ಪ್ರಕಾರವೇ ಇರಬಹುದು. ಜನ ನಂಬದ ಉತ್ತರ ಇದು. ಅಂಗಡಿಯಲ್ಲಿ ಸಿಗುವ ಸುಮಾರು 25 ಚಿಕನ್ ಪ್ಯಾಕೆಟ್‌ಗಳಲ್ಲಿ ಒಂದರಲ್ಲಿ ಸಾಲ್ಮೊನೆಲ್ಲಾ ಇರುತ್ತದೆ ಎಂದು ಅಲ್ಲಿನ ಆರೋಗ್ಯ ಸಂಸ್ಥೆ ಸಿಡಿಸಿಯೇ ಹೇಳಿದೆ.

ಕಾರಣ ತಿಳಿಯಬೇಕಾದರೆ 1974ಕ್ಕೆ ಹೋಗಬೇಕು. ದುಂಡು ಮುದ್ರೆ ಹಾಕಿ ಸಾಲ್ಮೊನೆಲ್ಲಾ ಬಗ್ಗೆ ಎಚ್ಚರಿಕೆ ಹಾಕದೇ ಇರೋದು ಮೋಸ ಎಂದು ಸಾರ್ವಜನಿಕ ಆರೋಗ್ಯದ ಸಂಘವೊಂದು ಕೋರ್ಟಿಗೆ ಹೋಗಿತ್ತು. ಕೋರ್ಟ್ ಒಪ್ಪಲಿಲ್ಲ. ಅಡುಗೆ ಮಾಡುವವರಿಗೆ ಕೋಳಿಯನ್ನು ಹೇಗೆ ಬೇಯಿಸಬೇಕು ಎಂದು ಗೊತ್ತಿರುತ್ತದೆ, ಸರಿಯಾಗಿ ಬೇಯಿಸಿದರೆ ತೊಂದರೆ ಇಲ್ಲ ಎಂಬುದು ತೀರ್ಪಿನ ಸಾರ. ಅಲ್ಲಿಂದ ಹಸಿ ಕೋಳಿಯಲ್ಲಿನ ಸಾಲ್ಮೊನೆಲ್ಲಾ ಕಾನೂನಿನ ಕಣ್ಣಿಗೆ ಕಲಬೆರಕೆ, ಅಂದರೆ ಮಾರಬಾರದ ಮಾಲು, ಅಲ್ಲ. ಹೊಣೆ ಕಾರ್ಖಾನೆಯಿಂದ ಒಲೆಯ ಮುಂದೆ ನಿಂತವರ ಮೇಲೆ ಬಂದು ಕೂತಿತು. ಅದೇ ದನದ ಕೈಮಾದಲ್ಲಿ ಇ. ಕೋಲಿ ಒ157 ಎಂಬ ಬ್ಯಾಕ್ಟೀರಿಯಾ ಸಿಕ್ಕರೆ ಮಾರುವಂತಿಲ್ಲ. 1994ರಲ್ಲಿ ಅದನ್ನು ಕಲಬೆರಕೆ ಎಂದು ಘೋಷಿಸಿಬಿಟ್ಟರು.

ಹಾಗಂತ ಕೋಳಿಗೆ ಮಿತಿಯೇ ಇಲ್ಲ ಎಂದಲ್ಲ. ಕಾರ್ಖಾನೆ ಮಟ್ಟದಲ್ಲಿ ಗುರಿ ಇದೆ. ಇಡೀ ಕೋಳಿಯ 51 ಮಾದರಿಯಲ್ಲಿ 5, ಬಿಡಿ ತುಂಡುಗಳ 52 ಮಾದರಿಯಲ್ಲಿ 8, ಕೈಮಾದ 52ರಲ್ಲಿ 13ಕ್ಕಿಂತ ಜಾಸ್ತಿ ಕಡೆ ಸಾಲ್ಮೊನೆಲ್ಲಾ ಸಿಗಬಾರದು. ಮೀರಿದ ಕಾರ್ಖಾನೆಯನ್ನು 3ನೇ ದರ್ಜೆ ಎಂದು ಎಫ್‌ಎಸ್‌ಐಎಸ್ ತನ್ನ ವೆಬ್‌ಸೈಟಿನಲ್ಲಿ ಹಾಕುತ್ತದೆ. ಮರ್ಯಾದೆ ಹೋಗುತ್ತದೆ, ಪರೀಕ್ಷೆ ಜಾಸ್ತಿಯಾಗುತ್ತದೆ. ಆದರೆ ಮಾರಾಟ ನಿಲ್ಲುವುದಿಲ್ಲ. ಸಾಲ್ಮೊನೆಲ್ಲಾ ಪರೀಕ್ಷೆಯಲ್ಲಿ ಫೇಲಾದ ಒಂದೇ ಕಾರಣಕ್ಕೆ ಬಾಗಿಲು ಹಾಕಿಸುವಂತಿಲ್ಲ ಎಂದು 2001ರಲ್ಲಿ ದನದ ಮಾಂಸದ ಪ್ರಕರಣವೊಂದರಲ್ಲಿ ಕೋರ್ಟ್ ಹೇಳಿತ್ತು.

ಇದನ್ನು ಬಿಗಿ ಮಾಡುವ ಪ್ರಯತ್ನವೂ ನಡೆಯಿತು. ಒಳಗೆ ಚೀಸ್, ತರಕಾರಿ ತುಂಬಿ ಹೊರಗೆ ಬ್ರೆಡ್ ಪುಡಿ ಹಚ್ಚಿದ ಹಸಿ ಚಿಕನ್ ಸಿಗುತ್ತದೆ. ನೋಡೋಕೆ ಹುರಿದ ಹಾಗಿರುತ್ತದೆ, ಒಳಗೆ ಹಸಿ. ಜನ ಸುಮ್ನೆ ಬಿಸಿ ಮಾಡಿ ತಿಂದು ಕಾಯಿಲೆ ಬೀಳುತ್ತಾರೆ. 1998ರಿಂದ ಇದರಿಂದ 14 ಸಲ ಸಾಲ್ಮೊನೆಲ್ಲಾ ಹಬ್ಬಿತ್ತು. 2024ರ ಏಪ್ರಿಲ್‌ನಲ್ಲಿ ಈ ಒಂದು ಬಗೆಗೆ ಮಾತ್ರ ಮಿತಿ ಹಾಕಿದರು: ಗ್ರಾಂಗೆ 1 ಅಥವಾ ಅದಕ್ಕಿಂತ ಹೆಚ್ಚು ಸಾಲ್ಮೊನೆಲ್ಲಾ ಇದ್ದರೆ ಕಲಬೆರಕೆ. ಪರೀಕ್ಷೆ 2025ರ ಮೇ ತಿಂಗಳಲ್ಲಿ ಶುರುವಾಗಬೇಕಿತ್ತು, ಅದನ್ನು ನವೆಂಬರ್‌ಗೆ ಮುಂದೂಡಿದರು. ಉಳಿದ ಹಸಿ ಕೋಳಿಗೂ ಮಿತಿ ಹಾಕುವ ಪ್ರಸ್ತಾವ 2024ರ ಆಗಸ್ಟ್‌ನಲ್ಲಿ ಬಂತು. 2025ರ ಏಪ್ರಿಲ್‌ನಲ್ಲಿ ಅದನ್ನು ವಾಪಸ್ ತೆಗೆದುಕೊಂಡರು.

ಹಾಗಾದರೆ ಮನೆಯಲ್ಲಿ ಏನು ಮಾಡಬೇಕು?

ಮಾಂಸದ ದಪ್ಪ ಭಾಗದೊಳಗಿನ ಬಿಸಿ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಅಮೆರಿಕದ ಲೆಕ್ಕದಲ್ಲಿ 165 ಫ್ಯಾರನ್‌ಹೀಟ್. ಬಣ್ಣ ನೋಡಿ ಹೇಳೋಕಾಗಲ್ಲ, ಥರ್ಮಾಮೀಟರ್ ಚುಚ್ಚಬೇಕು. ಇನ್ನೊಂದು, ಹಸಿ ಕೋಳಿಯನ್ನು ನಲ್ಲಿ ಕೆಳಗೆ ತೊಳೆಯಬೇಡಿ ಎನ್ನುತ್ತದೆ ಯುಎಸ್‌ಡಿಎ. ತೊಳೆದರೆ ಬ್ಯಾಕ್ಟೀರಿಯಾ ಹೋಗುವುದಿಲ್ಲ, ಸಿಂಕು, ಪಕ್ಕದ ಪಾತ್ರೆ, ಸೊಪ್ಪಿನ ಮೇಲೆಲ್ಲ ಸಿಡಿಯುತ್ತದೆ. ತೊಳೆಯದೆ ಅಡುಗೆ ಮಾಡೋಕೆ ಮನಸ್ಸು ಒಪ್ಪದವರು ಬಹಳ ಜನ. ಅಂಥವರು ನೀರು ನಿಧಾನ ಬಿಟ್ಟು, ಆಮೇಲೆ ಸಿಂಕನ್ನು ಸೋಪು ಹಾಕಿ ಉಜ್ಜಿ, ಸೋಂಕು ಕಳೆಯುವ ದ್ರಾವಣವನ್ನೂ ಬಳಸಬೇಕು. 1994ರಿಂದ ಪ್ರತಿ ಹಸಿ ಮಾಂಸದ ಪ್ಯಾಕೆಟ್ ಮೇಲೆ ಜೋಪಾನದ ಸೂಚನೆ ಕಡ್ಡಾಯವಾಗಿದೆ. ಯಾರೂ ಓದದ ಆ ಚಿಕ್ಕ ಚೌಕವೇ ಇಡೀ ಲೇಬಲ್‌ನಲ್ಲಿ ಹೆಚ್ಚು ಉಪಯೋಗಕ್ಕೆ ಬರುವ ಭಾಗ.

'ಹಾರ್ಮೋನ್ ಹಾಕಿಲ್ಲ' ಎಂದು ಬರೆದ ಕೋಳಿಯನ್ನೇ ಕೊಳ್ಳಬೇಕಾ?

ಬರೆಯದ ಕೋಳಿಗೂ ಹಾಕಿರುವುದಿಲ್ಲ. ಕೋಳಿಗೆ ಹಾರ್ಮೋನ್ ಕೊಡೋದನ್ನು ಅಲ್ಲಿನ ನಿಯಮ ನಿಷೇಧಿಸುತ್ತದೆ. ಹಾಗಾಗಿ ಕಂಪನಿ ಈ ಮಾತು ಹಾಕಿದರೆ ಪಕ್ಕದಲ್ಲೇ 'ಕೇಂದ್ರ ನಿಯಮಗಳು ಹಾರ್ಮೋನ್ ಬಳಕೆಯನ್ನು ನಿಷೇಧಿಸಿವೆ' ಎಂದೂ ಹಾಕಲೇಬೇಕು. ಅಂದರೆ ನಮ್ಮ ಕೋಳಿಗೂ ಪಕ್ಕದ ಪ್ಯಾಕೆಟ್ಟಿನ ಕೋಳಿಗೂ ವ್ಯತ್ಯಾಸವಿಲ್ಲ ಎಂದು ಕಂಪನಿಯೇ ಸಣ್ಣ ಅಕ್ಷರದಲ್ಲಿ ಒಪ್ಪಿಕೊಂಡ ಹಾಗೆ. ಈಗಿನ ಕೋಳಿ ಬೇಗ ಬೆಳೆಯೋದು ತಳಿ ಮತ್ತು ಮೇವಿನಿಂದ.

ಆ್ಯಂಟಿಬಯಾಟಿಕ್ ಬಗ್ಗೆ ಬರೆದದ್ದನ್ನು ನಂಬಬಹುದಾ?

ಇದಕ್ಕೆ ಅರ್ಥವಿದೆ, ಏಕೆಂದರೆ ಆ್ಯಂಟಿಬಯಾಟಿಕ್ ನಿಷೇಧವಾಗಿಲ್ಲ. ಔಷಧ ನಿಲ್ಲಿಸಿ ಇಂತಿಷ್ಟು ದಿನ ಕಳೆದ ಮೇಲೆ ಕಡಿಯಬೇಕು ಎಂಬ ನಿಯಮ ಎಲ್ಲ ಕೋಳಿಗೂ ಇದೆ. ಮನುಷ್ಯರ ಚಿಕಿತ್ಸೆಗೆ ಮುಖ್ಯವಾದ ಔಷಧಗಳನ್ನು ಬರೀ ತೂಕ ಹೆಚ್ಚಿಸೋಕೆ ಕೊಡುವಂತಿಲ್ಲ ಎಂದು 2017ರಿಂದ ಆಯಿತು.

ಪದಗಳನ್ನು ನಿಧಾನವಾಗಿ ಓದಿ. 'ನೋ ಆ್ಯಂಟಿಬಯಾಟಿಕ್ಸ್ ಎವರ್' ಎಂದರೆ ಮೊಟ್ಟೆಯೊಳಗಿದ್ದಾಗಿನಿಂದ ಕೊನೆಯವರೆಗೆ ಇಲ್ಲ. 'ಮನುಷ್ಯರಿಗೆ ಮುಖ್ಯವಾದ ಆ್ಯಂಟಿಬಯಾಟಿಕ್ ಇಲ್ಲ' ಎಂದರೆ ಬೇರೆ ಬಗೆಯವು ಇರಬಹುದು. ಕೋಳಿಯ ಕರುಳಿನ ರೋಗಕ್ಕೆ ಕೊಡುವ, ಮನುಷ್ಯರಿಗೆ ಬಳಸದ ಔಷಧಗಳು ಈ ಗುಂಪಿಗೆ ಸೇರುತ್ತವೆ.

ಈ ಮಾತುಗಳನ್ನು ಹಾಕೋಕೆ ಎಫ್‌ಎಸ್‌ಐಎಸ್ ಮುಂಚೆಯೇ ಒಪ್ಪಿಗೆ ಕೊಡಬೇಕು. ಆದರೆ ಒಪ್ಪಿಗೆ ಕೊಡೋದು ಕಂಪನಿ ಕಳಿಸಿದ ಕಾಗದ ನೋಡಿ. ಎಫ್‌ಎಸ್‌ಐಎಸ್ ಅಧಿಕಾರ ಶುರುವಾಗೋದು ಕಸಾಯಿಖಾನೆಯ ಗೇಟಿನಿಂದ. ಕೋಳಿ ಸಾಕುವ ಶೆಡ್‌ಗೆ ಅವರು ಹೋಗುವುದಿಲ್ಲ. 'ಆ್ಯಂಟಿಬಯಾಟಿಕ್ ಇಲ್ಲದೆ ಸಾಕಿದ್ದು' ಎಂಬ ಹಣೆಪಟ್ಟಿಯ ದನಗಳನ್ನು ಯುಎಸ್‌ಡಿಎ ಪರೀಕ್ಷಿಸಿದಾಗ ಸುಮಾರು ಶೇ. 20ರಲ್ಲಿ ಔಷಧದ ಅಂಶ ಸಿಕ್ಕಿತು ಎಂದು 2024ರಲ್ಲಿ ಹೊರಬಂತು. ಅದು ದನದ ಲೆಕ್ಕ, ಕೋಳಿಯದ್ದಲ್ಲ. ಆದರೆ ಕಾಗದ ನೋಡಿ ಒಪ್ಪುವ ಪದ್ಧತಿ ಎರಡಕ್ಕೂ ಒಂದೇ. ಆಮೇಲೆ ಹೊರಗಿನ ಸಂಸ್ಥೆಯಿಂದ ಪ್ರಮಾಣಪತ್ರ ಪಡೆಯಿರಿ ಎಂದು ಕಂಪನಿಗಳಿಗೆ ಬಲವಾಗಿ ಸಲಹೆ ಕೊಟ್ಟರು. ಬರೀ ಸಲಹೆ, ಕಡ್ಡಾಯವಲ್ಲ.

ನ್ಯಾಚುರಲ್, ಕೇಜ್ ಫ್ರೀ, ಫ್ರೀ ರೇಂಜ್: ಇವುಗಳ ಅರ್ಥ?

'ನ್ಯಾಚುರಲ್' ಅಂದರೆ ಕೃತಕ ಪದಾರ್ಥ, ಬಣ್ಣ ಬೆರೆಸಿಲ್ಲ, ಮಾಂಸವನ್ನು ಜಾಸ್ತಿ ಸಂಸ್ಕರಿಸಿಲ್ಲ ಅಂತ ಮಾತ್ರ. ಕೋಳಿ ಹೇಗೆ ಬೆಳೆಯಿತು ಎಂಬುದರ ಬಗ್ಗೆ ಒಂದಕ್ಷರವೂ ಇಲ್ಲ. ಕಿಕ್ಕಿರಿದ ಶೆಡ್‌ನಲ್ಲಿ ಬೆಳೆದ ಕೋಳಿಯೂ ನ್ಯಾಚುರಲ್ಲೇ.

ಮಾಂಸದ ಕೋಳಿಗೆ 'ಕೇಜ್ ಫ್ರೀ' ಎನ್ನೋದು ಮೀನಿಗೆ ಈಜು ಬರುತ್ತದೆ ಎಂದ ಹಾಗೆ. ಅಮೆರಿಕದಲ್ಲಿ ಬ್ರಾಯ್ಲರ್ ಕೋಳಿಯನ್ನು ಪಂಜರದಲ್ಲಿ ಸಾಕುವುದೇ ಇಲ್ಲ, ನೆಲದ ಮೇಲೇ ಸಾಕುತ್ತಾರೆ. ಮೊಟ್ಟೆ ಡಬ್ಬದ ಮೇಲೆ ಆ ಮಾತಿಗೆ ಬೆಲೆಯಿದೆ. 'ಫ್ರೀ ರೇಂಜ್' ಎಂದರೆ ಹೊರಗೆ ಹೋಗಲು ಕೋಳಿಗೆ ದಾರಿ ಇತ್ತು ಅಂತ. ಹೋಯಿತಾ ಇಲ್ವಾ, ಆ ಬಾಗಿಲು ಎಷ್ಟು ಅಗಲ, ಆಚೆ ಹುಲ್ಲಿತ್ತಾ ಮಣ್ಣಿತ್ತಾ, ಅದನ್ನು ಪದ ಹೇಳುವುದಿಲ್ಲ. ಚಿತ್ರ ಹೇಳುತ್ತದೆ, ಆದರೆ ಅದು ಚಿತ್ರ.

'ಆರ್ಗ್ಯಾನಿಕ್' ಕೂಡ ಹೀಗೇನಾ?

ಇಲ್ಲ, ಅದು ಗಟ್ಟಿ. 1990ರ ಕಾನೂನು, 2002ರಿಂದ ಜಾರಿಯಲ್ಲಿರುವ ನಿಯಮ, ವರ್ಷಕ್ಕೊಮ್ಮೆ ಫಾರಂಗೇ ಬಂದು ನೋಡುವ ಪರಿಶೀಲಕರು, ಎಲ್ಲ ಇದೆ. ಮೇವು ಆರ್ಗ್ಯಾನಿಕ್ ಆಗಿರಬೇಕು, ಆ್ಯಂಟಿಬಯಾಟಿಕ್ ಕೊಡುವಂತಿಲ್ಲ, ಹೊರಗೆ ಬಿಡಬೇಕು. ಹಿಂದೆ ಕೆಲವು ಕಡೆ ಸೂರಿರುವ ಜಗಲಿಯನ್ನೇ 'ಹೊರಗೆ' ಎಂದು ತೋರಿಸುತ್ತಿದ್ದರು. 2023ರ ಕೊನೆಯಲ್ಲಿ ಬಂದ ನಿಯಮ ಅದನ್ನು ಒಪ್ಪುವುದಿಲ್ಲ. ಒಂದು ಸಣ್ಣ ಸಂದು ಮಾತ್ರ ಉಳಿದಿದೆ: ಆರ್ಗ್ಯಾನಿಕ್ ಲೆಕ್ಕ ಶುರುವಾಗೋದು ಮರಿಯ ಎರಡನೇ ದಿನದಿಂದ. ಮೊದಲ ದಿನ ಹ್ಯಾಚರಿಯಲ್ಲಿ ಏನು ಕೊಟ್ಟರು ಎಂಬುದು ಆ ಲೆಕ್ಕಕ್ಕೆ ಬರುವುದಿಲ್ಲ.

ಚಿಕನ್ ಜೊತೆ ನೀರಿಗೂ ದುಡ್ಡು ಕೊಡ್ತಿದ್ದೀನಾ?

ಬಹುಶಃ ಹೌದು, ಅದೂ ಎರಡು ಬಗೆಯಲ್ಲಿ. ಕಡಿದ ಕೋಳಿಯನ್ನು ಬೇಗ ತಣ್ಣಗೆ ಮಾಡಬೇಕು. ಅಮೆರಿಕದಲ್ಲಿ ಹೆಚ್ಚಿನವರು ಐಸ್ ನೀರಿನ ತೊಟ್ಟಿಯಲ್ಲಿ ಮುಳುಗಿಸುತ್ತಾರೆ. ಮಾಂಸ ಅಲ್ಲಿ ನೀರು ಕುಡಿಯುತ್ತದೆ. 2003ರಿಂದ ಹೀಗೆ ಉಳಿದ ನೀರು ಶೇಕಡಾ ಎಷ್ಟು ಎಂದು ಲೇಬಲ್‌ನಲ್ಲಿ ಬರೆಯಬೇಕು. 'ಏರ್ ಚಿಲ್ಡ್' ಎಂದಿದ್ದರೆ ತಣ್ಣನೆ ಗಾಳಿಯಲ್ಲಿ ಆರಿಸಿದ್ದು.

ಎರಡನೆಯದು ಬೇಕಂತಲೇ ಸೇರಿಸಿದ ಉಪ್ಪು ನೀರು. ಸೂಜಿಯಿಂದ ಎದೆ ಮಾಂಸದೊಳಗೆ ಚುಚ್ಚಿ ತುಂಬುತ್ತಾರೆ. ಬೇಯಿಸಿದಾಗ ಮೆತ್ತಗಿರುತ್ತದೆ, ತೂಕವೂ ಏರುತ್ತದೆ. ಮೊದಲು ಇದನ್ನು ಎಲ್ಲೋ ಮೂಲೆಯಲ್ಲಿ ಬರೆಯುತ್ತಿದ್ದರು. 2016ರಿಂದ ಪದಾರ್ಥದ ಹೆಸರಿನ ಭಾಗವಾಗಿಯೇ ಬರೆಯಬೇಕು: 'ಚಿಕನ್ ಬ್ರೆಸ್ಟ್, ಶೇ. 15 ನೀರು ಮತ್ತು ಉಪ್ಪಿನ ದ್ರಾವಣ' ಎಂಬ ಥರ. ಬಿಪಿ ಇರುವವರು ಸೋಡಿಯಂ ಸಾಲನ್ನು ತಪ್ಪದೆ ನೋಡಿ. ಅಂದ ಹಾಗೆ, ಉಪ್ಪು ನೀರು ಚುಚ್ಚಿದ ಕೋಳಿಗೂ 'ನ್ಯಾಚುರಲ್' ಎನ್ನಬಹುದು. ಉಪ್ಪು ಕೃತಕವಲ್ಲವಲ್ಲ!

'ಫ್ರೆಶ್' ಎಂದರೆ ಐಸ್‌ನಲ್ಲಿ ಇಟ್ಟಿಲ್ಲ ಅಂತಲಾ?

ಮೈನಸ್ 3.3 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿದಿಲ್ಲ ಅಂತ. ಮೈನಸ್ 17.8ಕ್ಕೆ ಇಳಿಸಿದ್ದರೆ 'ಫ್ರೋಜನ್'. ನಡುವಿನದಕ್ಕೆ ಎರಡೂ ಹೆಸರಿಲ್ಲ. 1997ಕ್ಕೆ ಮುಂಚೆ ಕಲ್ಲಿನ ಹಾಗೆ ಗಟ್ಟಿಯಾದ ಕೋಳಿಯನ್ನೂ ಫ್ರೆಶ್ ಎಂದು ಮಾರಬಹುದಿತ್ತು. ಕ್ಯಾಲಿಫೋರ್ನಿಯಾ ಇದನ್ನು ತಡೆಯೋಕೆ ತನ್ನದೇ ಕಾನೂನು ಮಾಡಿತು. ಉದ್ಯಮದ ಸಂಘ ಕೋರ್ಟಿಗೆ ಹೋಗಿ ಗೆದ್ದಿತು: ಲೇಬಲ್ ಕೇಂದ್ರದ ವಿಷಯ, ರಾಜ್ಯ ಬೇರೆ ನಿಯಮ ಹಾಕುವಂತಿಲ್ಲ. ಆದರೆ ಆ ಗಲಾಟೆಯಿಂದಲೇ ಕೇಂದ್ರದ ನಿಯಮ ಬದಲಾಯಿತು.

ದಿನಾಂಕ ಮೀರಿದರೆ ಎಸೆಯಬೇಕಾ?

'ಬೆಸ್ಟ್ ಬೈ', 'ಸೆಲ್ ಬೈ' ದಿನಾಂಕಗಳನ್ನು ಕೇಂದ್ರ ಕಡ್ಡಾಯ ಮಾಡಿಲ್ಲ. ಅವು ರುಚಿ, ಗುಣಮಟ್ಟದ ಬಗ್ಗೆ ಕಂಪನಿಯ ಅಂದಾಜು. ಹಸಿ ಕೋಳಿಯನ್ನು ಫ್ರಿಜ್‌ನಲ್ಲಿ ಇಟ್ಟರೆ ಒಂದೆರಡು ದಿನದಲ್ಲಿ ಬೇಯಿಸಿ, ಇಲ್ಲವೇ ಫ್ರೀಜರ್‌ಗೆ ಹಾಕಿ.

ಅಮೆರಿಕದ ಕೋಳಿಯನ್ನು ಯುರೋಪ್ ಯಾಕೆ ಬೇಡ ಎನ್ನುತ್ತದೆ?

'ಕ್ಲೋರಿನ್ ಕೋಳಿ' ಜಗಳ ಇದು. ಬ್ಯಾಕ್ಟೀರಿಯಾ ಕಡಿಮೆ ಮಾಡೋಕೆ ಅಮೆರಿಕದಲ್ಲಿ ಮಾಂಸಕ್ಕೆ ರಾಸಾಯನಿಕ ಸಿಂಪಡಿಸಬಹುದು, ಅದರಲ್ಲಿ ಮುಳುಗಿಸಬಹುದು. ಯುರೋಪಿನಲ್ಲಿ ಕೋಳಿಗೆ ಬರೀ ನೀರು. 1997ರಿಂದ ಅಮೆರಿಕದ ಇಂಥ ಕೋಳಿಗೆ ಅಲ್ಲಿ ಪ್ರವೇಶವಿಲ್ಲ. ಈಗ ಕ್ಲೋರಿನ್‌ಗಿಂತ ಪೆರಾಸೆಟಿಕ್ ಆ್ಯಸಿಡ್ ಬಳಕೆ ಜಾಸ್ತಿ. ಯುರೋಪಿನ ಮುಖ್ಯ ವಾದ ರಾಸಾಯನಿಕ ವಿಷ ಎಂದಲ್ಲ. ಕೊನೆಯಲ್ಲಿ ತೊಳೆದುಬಿಡಬಹುದು ಎಂದಾದರೆ ಫಾರಂನಲ್ಲಿ, ಸಾಲಿನಲ್ಲಿ ಯಾರೂ ಶುಚಿಯಾಗಿರುವುದಿಲ್ಲ ಎಂಬುದು. ಈ ರಾಸಾಯನಿಕದ ಹೆಸರು ಲೇಬಲ್ ಮೇಲೆ ಇರಬೇಕಿಲ್ಲ. ಅದು ಸಂಸ್ಕರಣೆಗೆ ಬಳಸಿದ್ದು, ಆಹಾರದ ಭಾಗವಲ್ಲ ಎಂಬುದು ನಿಯಮದ ಲೆಕ್ಕ.

ಕೋಳಿಯನ್ನು ನೋವಿಲ್ಲದೆ ಕಡಿಯಬೇಕೆಂಬ ಕಾನೂನಿದೆಯಾ?

ದನ, ಹಂದಿ, ಕುರಿಗೆ 1958ರಿಂದ ಇದೆ. ಕೋಳಿಗೆ ಅದು ಅನ್ವಯಿಸುವುದಿಲ್ಲ ಎಂದೇ ಯುಎಸ್‌ಡಿಎ ನಿಲುವು. ಅಮೆರಿಕದಲ್ಲಿ ಆಹಾರಕ್ಕಾಗಿ ಕಡಿಯುವ ನೆಲದ ಪ್ರಾಣಿಗಳಲ್ಲಿ ಸಂಖ್ಯೆಯಲ್ಲಿ ಕೋಳಿಯೇ ಎಲ್ಲಕ್ಕಿಂತ ಜಾಸ್ತಿ.

ಸಣ್ಣ ರೈತರಿಗೂ ಇದೆಲ್ಲ ಅನ್ವಯವಾಗುತ್ತದಾ?

ಪೂರ್ತಿ ಇಲ್ಲ. ತಾನೇ ಸಾಕಿದ ಕೋಳಿಯನ್ನು ವರ್ಷಕ್ಕೆ 1,000ದವರೆಗೆ ತಾನೇ ಕಡಿದು ಮಾರುವ ರೈತನಿಗೆ ದಿನದಿನದ ತಪಾಸಣೆಯಿಂದ ವಿನಾಯಿತಿ ಇದೆ. ಇನ್ನಷ್ಟು ಷರತ್ತುಗಳೊಡನೆ 20,000ದವರೆಗೂ ಇದೆ. ರಾಜ್ಯದ ಗಡಿ ದಾಟಿ ಮಾರುವಂತಿಲ್ಲ, ದುಂಡು ಮುದ್ರೆ ಹಾಕುವಂತಿಲ್ಲ. ಶುಚಿತ್ವಕ್ಕೆ ಮಾತ್ರ ವಿನಾಯಿತಿ ಇಲ್ಲ.

ಕೆಟ್ಟ ಮಾಲು ಹೊರಬಿದ್ದರೆ ಸರ್ಕಾರ ವಾಪಸ್ ತರಿಸುತ್ತದೆ ಅಲ್ವಾ?

ತರಿಸುವಂತೆ ಕೇಳುತ್ತದೆ. ವಾಪಸ್ ತರಿಸಲೇಬೇಕು ಎಂದು ಆದೇಶ ಕೊಡುವ ಅಧಿಕಾರ ಎಫ್‌ಎಸ್‌ಐಎಸ್‌ಗೆ ಇಲ್ಲ. 2011ರ ಕಾನೂನು ಆ ಅಧಿಕಾರವನ್ನು ಎಫ್‌ಡಿಎಗೆ ಕೊಟ್ಟಿತು, ಕೋಳಿಯ ಇಲಾಖೆಗೆ ಕೊಡಲಿಲ್ಲ. ಆದರೂ ಕಂಪನಿಗಳು ಸಾಮಾನ್ಯವಾಗಿ ಒಪ್ಪುತ್ತವೆ. ಒಪ್ಪದಿದ್ದರೆ ಎಫ್‌ಎಸ್‌ಐಎಸ್ ಮಾಲನ್ನು 20 ದಿನದವರೆಗೆ ತಡೆಹಿಡಿದು ಜಪ್ತಿಗೆ ಕೋರ್ಟಿಗೆ ಹೋಗಬಹುದು. ತಪಾಸಕರನ್ನು ವಾಪಸ್ ಕರೆಸಿಕೊಳ್ಳಬಹುದು. ತಪಾಸಕರಿಲ್ಲದಿದ್ದರೆ ಮುದ್ರೆ ಇಲ್ಲ, ಮುದ್ರೆ ಇಲ್ಲದಿದ್ದರೆ ಮಾರಾಟ ಇಲ್ಲ.

ವಾಪಸಾತಿಯ ಪ್ರಕಟಣೆಯಲ್ಲಿ ಬ್ರ್ಯಾಂಡ್ ಹೆಸರಿನ ಜೊತೆ ಸಾಮಾನ್ಯವಾಗಿ ಆ 'ಪಿ' ನಂಬರ್, ದಿನಾಂಕ ಅಥವಾ ಲಾಟ್ ಕೋಡ್ ಇರುತ್ತದೆ. ಮಾಂಸವನ್ನು ಬೇರೆ ಚೀಲಕ್ಕೆ ಹಾಕಿ ಫ್ರೀಜರ್‌ನಲ್ಲಿ ಇಡುವ ಅಭ್ಯಾಸ ಇದ್ದರೆ, ಲೇಬಲ್‌ನ ಆ ತುಂಡನ್ನು ಕತ್ತರಿಸಿ ಚೀಲದ ಜೊತೆಗೇ ಇಡಿ, ಇಲ್ಲ ಫೋನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ.